ಕಡೂರಿನ ಮಳೆ ಎಷ್ಟನೇ ಬೈಟ್‌ನಲ್ಲಿದೆ?

ಮನೆಯಲ್ಲಿ ಎಂಜಿನಿಯರಿಂಗ್ ಓದೋ ಮಕ್ಕಳಿದ್ದು, ಪ್ರಾಜೆಕ್ಟಿಗೆ ನಮ್ಮ ತಾಲ್ಲೂಕಿನ ಮಳೆ ಲೆಕ್ಕವನ್ನೇ ತಗೊಂಡಿದ್ದರೆ ಈ ಸಲದ ಅಂಕಣ ಅವರಿಗೆ ಓದಲು ಕೊಡಿ. ಭಾರತೀಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನದಿನದ ಮಳೆಯನ್ನು ವರ್ಷಕ್ಕೊಂದು ಫೈಲ್ ಮಾಡಿ ಕೊಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಕಸ ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಅದು ಬೈನರಿ.

ದೇಶದ ಮೇಲೆ ಕಾಲು ಡಿಗ್ರಿಗೊಂದು ಗೆರೆ ಎಳೆದ ಹಾಗೆ ಅಂದುಕೊಳ್ಳಿ. ಪಶ್ಚಿಮದಿಂದ ಪೂರ್ವಕ್ಕೆ 135 ಬಿಂದು, ದಕ್ಷಿಣದಿಂದ ಉತ್ತರಕ್ಕೆ 129. ಒಂದೊಂದಕ್ಕೂ 4 ಬೈಟ್, ಅಂದರೆ ದಿನಕ್ಕೆ 69,660 ಬೈಟ್, 365 ದಿನಕ್ಕೆ 2,54,25,900. ಫೈಲ್ ಗಾತ್ರ ಇಷ್ಟೇ ಇದೆಯಾ ಅಂತ ಮೊದಲು ನೋಡಿ. ಅಧಿಕ ವರ್ಷವಾದರೆ ಒಂದು ದಿನದ್ದು ಹೆಚ್ಚಿಗೆ ಇರಬೇಕು.

ಫೈಲ್ ಒಳಗೆ ಊರಿನ ಹೆಸರಿಲ್ಲ, ತಾರೀಖಿಲ್ಲ. ಹಾಗಾಗಿ ತಪ್ಪಾಗಿ ಓದಿದರೂ ಪ್ರೋಗ್ರಾಂ ಬೈಯೋದಿಲ್ಲ, ಏನೋ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತೆ.

ಮೊದಲನೆಯದು ಬೈಟ್‌ಗಳ ಕ್ರಮ. ಹಳೆಯ ಶಾಸನಗಳಲ್ಲಿ ಶಕವರ್ಷವನ್ನು ಭೂತಸಂಖ್ಯೆಯ ಪದಗಳಲ್ಲಿ ಹೇಳುವಾಗ ಬಿಡಿಸ್ಥಾನದಿಂದ ಶುರು ಮಾಡುತ್ತಿದ್ದರಲ್ಲ, ಈ ಫೈಲ್ ಕೂಡ ಹಾಗೇ. ಚಿಕ್ಕ ಸ್ಥಾನದ ಬೈಟ್ ಮೊದಲು. ಇದಕ್ಕೆ ಲಿಟಲ್ ಎಂಡಿಯನ್ ಅಂತಾರೆ. ಜಾವಾದ ರೀಡ್‌ಫ್ಲೋಟ್ ಇದನ್ನು ಉಲ್ಟಾ ಓದುತ್ತೆ. 12.5 ಮಿ.ಮೀ. ಮಳೆ ಫೈಲ್‌ನಲ್ಲಿ 00 00 48 41 ಅಂತ ಇರುತ್ತೆ. ಉಲ್ಟಾ ಓದಿದರೆ ಸೊನ್ನೆಗೆ ಅಂಟಿಕೊಂಡಷ್ಟು ಚಿಕ್ಕದು, ಗ್ರಾಫ್‌ನಲ್ಲಿ ಬರಗಾಲ! ಅದೇ 12.3 ಆದರೆ ಮೈನಸ್ 42 ಕೋಟಿ ಮಿ.ಮೀ. ಕೋಟಿ ಕಂಡರೆ ಯಾರಿಗಾದರೂ ಅನುಮಾನ ಬರುತ್ತೆ. ಸೊನ್ನೆ ಮಾತ್ರ ಕಡೂರಿನಂಥ ಒಣಸೀಮೆಯಲ್ಲಿ ನಿಜ ಅಂತಲೇ ಕಾಣುತ್ತೆ.

ಇನ್ನು ಜಾಗ. ಲೆಕ್ಕ ಶುರುವಾಗೋದು ನೈಋತ್ಯ ಮೂಲೆಯ 6.5 ಅಕ್ಷಾಂಶ, 66.5 ರೇಖಾಂಶದಿಂದ. ಕಡೂರಿಗೆ ಹತ್ತಿರದ ಬಿಂದು 13.5, 76. ಸೊನ್ನೆಯಿಂದ ಎಣಿಸಿದರೆ 28ನೇ ಸಾಲು, 38ನೇ ಮನೆ. 28ನ್ನು 135ರಿಂದ ಗುಣಿಸಿ 38 ಕೂಡಿಸಿದರೆ 3,818, ಅದನ್ನು 4ರಿಂದ ಗುಣಿಸಿದರೆ 15,272 ಬೈಟ್ ದಾಟಿದ ಮೇಲೆ ಜನವರಿ 1ರ ಕಡೂರು ಸಿಗುತ್ತೆ. ಅಜ್ಜಂಪುರ ಅದರ ಮೇಲಿನ ಸಾಲು, ತರೀಕೆರೆ ಅಜ್ಜಂಪುರದ ಎಡಕ್ಕೆ. 135ರ ಬದಲು 129 ಹಾಕಿದಿರೋ, ಅರಬ್ಬಿ ಸಮುದ್ರದಲ್ಲಿ ಇರ್ತೀರಿ. ಅದು ಪರವಾಗಿಲ್ಲ, -999 ಬಂದು ಗೊತ್ತಾಗುತ್ತೆ. ಕಡೂರಿನಿಂದ ಒಂದೇ ಮನೆ ಎಡಕ್ಕೆ ಜಾರಿದರೆ ಗೊತ್ತಾಗಲ್ಲ, ಅಲ್ಲಿರೋದು ಕೆಮ್ಮಣ್ಣುಗುಂಡಿ ಸೀಮೆ. ಬೆಟ್ಟದ ಮಳೆ ನಮ್ಮ ಬಯಲಿನ ಹೆಸರಿಗೆ ಬರೆದುಹೋಗುತ್ತೆ. ಆ ಗ್ರಾಫ್ ನೋಡಿ ಯಾರಾದರೂ ಕಡೂರಿಗೆ ಬರ ಪರಿಹಾರ ಯಾಕೆ ಅಂತ ಕೇಳಿದರೆ? ಒಂದು ಇಡೀ ಜುಲೈ ಕೂಡಿಸಿ, ತರೀಕೆರೆಯದು ಕಡೂರಿಗಿಂತ ಜಾಸ್ತಿ ಬರುತ್ತಾ ಅಂತ ನೋಡಿಕೊಳ್ಳಿ.

ಅದೇ ಇಲಾಖೆಯ ಉಷ್ಣಾಂಶದ ಫೈಲ್‌ನಲ್ಲಿ ಮಾಹಿತಿ ಇಲ್ಲ ಅನ್ನೋಕೆ 99.9 ಇಟ್ಟಿದ್ದಾರೆ. 4 ಬೈಟ್‌ನಲ್ಲಿ 99.9 ಕರಾರುವಾಕ್ಕಾಗಿ ಕೂರಲ್ಲ, ಚೂರು ಜಾಸ್ತಿಯಾಗುತ್ತೆ. ಸಿ ಭಾಷೆಯಲ್ಲಿ 99.9ಕ್ಕೆ ಸಮವೇ ಅಂತ ಕೇಳಿದರೆ ಅಲ್ಲ ಅನ್ನುತ್ತೆ. 99 ದಾಟಿದ್ದನ್ನೆಲ್ಲ ಬಿಟ್ಟುಬಿಡಿ.

ಇನ್ನೊಂದು ಮಾತು, ಇದು ಹಿರಿಯರಿಗೆ. ಈ ಬಿಂದುಗಳ ಮಳೆ ಸುತ್ತಲಿನ ಮಳೆಮಾಪಕಗಳಿಂದ ಲೆಕ್ಕ ಹಾಕಿ ತುಂಬಿದ್ದು. ಬೆಳೆವಿಮೆ ತಕರಾರಿಗೆ ಮಗಳ ಪ್ರಾಜೆಕ್ಟ್ ಗ್ರಾಫ್ ಹಿಡಿದು ಹೋಗಬೇಡಿ, ನಿಮ್ಮ ಹೋಬಳಿಯ ಮಳೆಮಾಪಕದ ಅಂಕಿಯನ್ನೇ ಕೇಳಿ ಪಡೆಯಿರಿ.