ಹೆಸರು ಉಳಿಯಿತು, ನುಡಿ ಸತ್ತಿತು!

ಚಿತ್ರ ಬರೆಯುವವರ ಬಣ್ಣದ ಪೆಟ್ಟಿಗೆಯಲ್ಲಿ ‘ಪ್ರಷ್ಯನ್ ಬ್ಲೂ’ ಎಂಬ ಕಡುನೀಲಿ ಇರುತ್ತದೆ. ಯಾರು ಈ ಪ್ರಷ್ಯನ್ನರು? ಜರ್ಮನರು ಎನ್ನುತ್ತೀರಿ. ಅಲ್ಲವೇ ಅಲ್ಲ!

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಬಾಳಿದ ಬೇರೆಯೇ ಜನಾಂಗದ ಹೆಸರದು. ಅವರ ನುಡಿ ಲಿಥುವೇನಿಯನ್, ಲಾಟ್ವಿಯನ್ ಭಾಷೆಗಳ ಒಡಹುಟ್ಟು. 13ನೇ ಶತಮಾನದಲ್ಲಿ ಜರ್ಮನಿಯ ಟ್ಯೂಟಾನಿಕ್ ಯೋಧರು ಶಿಲುಬೆ ಹಿಡಿದು ಬಂದು ಅವರ ನೆಲ ಗೆದ್ದರು. ನೆಲದ ಜೊತೆಗೆ ಹೆಸರೂ ಹೋಯಿತು. ಸೋತವನ ಹೆಸರು ಗೆದ್ದವನ ಬಿರುದಾಯಿತು! 1545ರಲ್ಲಿ ಆ ನುಡಿಯಲ್ಲಿ ಧರ್ಮಬೋಧೆಯ ಪುಸ್ತಕ ಅಚ್ಚಾಯಿತು. ಆದರೇನು? ಆಡಳಿತ ಜರ್ಮನ್, ಪೇಟೆ ಜರ್ಮನ್. 1701ರಲ್ಲಿ ಜರ್ಮನ್ ದೊರೆಯೊಬ್ಬ ಪ್ರಷ್ಯದ ಕಿರೀಟ ತೊಟ್ಟಾಗ ಪ್ರಷ್ಯನ್ ನುಡಿ ಕೊನೆಯುಸಿರು ಎಳೆಯುತ್ತಿತ್ತು. 1947ರಲ್ಲಿ, ಮಹಾಯುದ್ಧ ಗೆದ್ದ ದೇಶಗಳು ಪ್ರಷ್ಯ ರಾಜ್ಯವನ್ನೇ ರದ್ದು ಮಾಡಿದವು.

ಯಾದಗಿರಿ, ಶಹಾಪುರ, ಸುರಪುರಗಳ ಕಥೆ ಇದಕ್ಕೆ ತದ್ವಿರುದ್ಧ. 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕರ ಸುರಪುರ ಸೋತಿತು. 1860ರಲ್ಲಿ ಅದನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಇಂಗ್ಲಿಷರ ಕಾಗದದಲ್ಲಿ ಅದು ‘ಶೋರಾಪುರ’. ನಿಜಾಮನ ಕಚೇರಿಯಲ್ಲಿ ಉರ್ದು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ಕನ್ನಡನಾಡು ಒಂದಾಯಿತು. ಹಣೆಪಟ್ಟಿ ಮಾತ್ರ ‘ಹೈದರಾಬಾದ್ ಕರ್ನಾಟಕ’! 371ಜೆ ವಿಧಿಯ ಮೂಲಕ ಸಂವಿಧಾನದೊಳಗೂ ಅದೇ ಹೆಸರು ಹೊಕ್ಕಿತು. ‘ಕಲ್ಯಾಣ ಕರ್ನಾಟಕ’ ಆಗಲು 2019ರವರೆಗೆ ಕಾಯಬೇಕಾಯಿತು.

ಆದರೆ ಜನ? ತಮ್ಮ ನೆಲವನ್ನು ಸಗರನಾಡು ಎಂದೇ ಕರೆದರು. ಹೊಲದಲ್ಲಿ, ಸಂತೆಯಲ್ಲಿ, ತತ್ವಪದದಲ್ಲಿ, ಮೊಹರಮ್ಮಿನ ರಿವಾಯತ ಪದಗಳಲ್ಲೂ ಕನ್ನಡವೇ. ಪ್ರಷ್ಯನ್ನರ ಹೆಸರು ಉಳಿದು ನುಡಿ ಸತ್ತಿತು. ಇವರ ಹೆಸರು ಅಳಿಸಿದರೂ ನುಡಿ ಬದುಕಿತು!

ಬೆಂಗಳೂರಿನ ಯುವಕರೇ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಾತು ಕೇಳಿ ನಗುತ್ತೀರಲ್ಲ, ನಿಮಗೆ ನಾಚಿಕೆಯಾಗಬೇಕು. ಪರಭಾಷೆಯ ದರ್ಬಾರಿನಲ್ಲೂ ಅವರು ಕನ್ನಡ ಬಿಡಲಿಲ್ಲ. ಯಾವ ನಿಜಾಮನೂ ಇಲ್ಲದ ಕಾಲದಲ್ಲಿ ನೀವೇಕೆ ಬಿಡುತ್ತಿದ್ದೀರಿ?

ಹೆಸರಿಗಾಗಿ ಹೋರಾಡಿದ್ದು ಸರಿಯೇ. ಆದರೆ ಬರೀ ಬೋರ್ಡು ನುಡಿಯನ್ನು ಕಾಯದು. ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೇಳಿ. ಕಚೇರಿಗೆ ಕನ್ನಡದಲ್ಲೇ ಅರ್ಜಿ ಕೊಡಿ. ಮನೆಯ ಮಕ್ಕಳೊಂದಿಗೆ ಕನ್ನಡದಲ್ಲೇ ಮಾತಾಡಿ. ಇಲ್ಲವಾದರೆ ಕನ್ನಡವೂ ಒಂದು ದಿನ ಬಣ್ಣದ ಡಬ್ಬಿಯ ಮೇಲಿನ ಹೆಸರಾದೀತು. ಎಚ್ಚರ!