ಮನೆಯಿಂದಾಚೆ: ಚಿಗರಿ ನೋಡಲು ಹೋದ ದಿನ

ಹಾನಗಲ್ಲಿನವರಾಗಲಿ, ಶಿಗ್ಗಾಂವಿಯವರಾಗಲಿ, ಸವಣೂರು, ಹಿರೇಕೆರೂರಿನವರಾಗಲಿ, ಮಕ್ಕಳಿಗೆ ರಜೆ ಬಂತೆಂದರೆ ನಮ್ಮ ಬಾಯಲ್ಲಿ ಬರುವುದು ದೂರದ ಊರುಗಳ ಹೆಸರೇ. ಮಗ್ಗುಲಲ್ಲಿರುವ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೆನಪಾಗುವುದೇ ಇಲ್ಲ. ಈ ಸಲ ನಾವು ಅಲ್ಲಿಗೇ ಹೋದೆವು.

ಹಿಂದಿನ ರಾತ್ರಿಯೇ ಬುತ್ತಿಯ ತಯಾರಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಮೊಸರನ್ನಕ್ಕೆ ಮೊಸರಿಗಿಂತ ಹಾಲು ಹೆಚ್ಚು ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುವುದಿಲ್ಲ. ಕುಡಿಯುವ ನೀರು ಮಾತ್ರ ಧಾರಾಳವಾಗಿ ಇರಲಿ.

ಹೊರಡುವಾಗ ಅತ್ತೆಯವರದು ಒಂದೇ ಗೊಣಗಾಟ. ಅವರ ತವರು ಆ ಕಡೆಯ ಹಳ್ಳಿ. "ನಮ್ಮಪ್ಪನ ಹೊಲದಾಗಿನ ಬೆಳಿ ತಿಂದ ಚಿಗರಿ ಅವು. ಅವನ್ನ ನೋಡಾಕ ನಾವ ಬುತ್ತಿ ಕಟಗೊಂಡು ಹೋಗಬೇಕೇನು?"

ನಸುಕಿನಲ್ಲಿ ಮುಟ್ಟಿದೆವು. ಹುಲ್ಲು, ಜಾಲಿ, ಕುರುಚಲು ಗಿಡ, ಕಣ್ಣು ಹಾಯುವಷ್ಟು ಬಯಲು. ಮಗಳ ಮುಖ ಸಪ್ಪಗಾಯಿತು. "ಅವ್ವಾ, ಇಲ್ಲಿ ಏನೂ ಇಲ್ಲಲ್ಲ!"

"ಸುಮ್ಮನಿರು, ಅಲ್ಲಿ ನೋಡು" ಎಂದವರು ಅತ್ತೆಯವರೇ! ಸುರುಳಿ ಕೊಂಬಿನ ಕಪ್ಪು ಹೋರಿ, ಅದರ ಹಿಂದೆ ಕಂದು ಬಣ್ಣದ ಹೆಣ್ಣುಗಳ ಹಿಂಡು. ನಮ್ಮ ಸುಳಿವು ಹತ್ತಿದ್ದೇ ತಡ, ಒಂದರ ಹಿಂದೊಂದು ಚಂಗನೆ ನೆಗೆದು ಮಾಯವಾದವು. ಮಗಳು ಚಪ್ಪಾಳೆ ತಟ್ಟಿದಳು. ಅತ್ತೆಯವರ ಕಣ್ಣು ಮಾತ್ರ ಇನ್ನೂ ಏನನ್ನೋ ಹುಡುಕುತ್ತಿತ್ತು.

"ನಾ ಸಣ್ಣಾಕಿ ಇದ್ದಾಗ ಇಲ್ಲಿ ಎರೆಭೂತ ಹಕ್ಕಿ ಇರತಿತ್ತವಾ. ಕೂಸಿನಷ್ಟು ಎತ್ತರ. ನೆಲದ ಮ್ಯಾಲ ಒಂದ ಒಂದು ತತ್ತಿ ಇಡತಿತ್ತು" ಎಂದರು.

ಸೋದರಿಯರೇ, ಸುಮಾರು 119 ಚದರ ಕಿಲೋಮೀಟರಿನ ಈ ಅಭಯಾರಣ್ಯವಾದದ್ದು 1974ರಲ್ಲಿ. ಆದರೆ ಬಯಲೆಂದರೆ ಪಾಳು ಭೂಮಿ ಎಂದು ಬಗೆದು ಇಲ್ಲಿ ಬಹಳಷ್ಟು ಕಡೆ ನೀಲಗಿರಿ ನೆಟ್ಟರು. ದೂರದಿಂದಲೇ ವೈರಿಯನ್ನು ಕಂಡು ಬದುಕುವ ಹಕ್ಕಿಗೆ ಮರಗಳ ಸಾಲು ಹೇಗೆ ಒಗ್ಗೀತು? ಚಿಗರಿ ಉಳಿಯಿತು, ಎರೆಭೂತ ಇಲ್ಲಿಂದ ಹೋಯಿತು. ಈಗ ದೇಶದಲ್ಲೆಲ್ಲ ಸೇರಿ ಅವು ಇನ್ನೂರರ ಒಳಗೇ, ಹೆಚ್ಚಿನವು ರಾಜಸ್ಥಾನದಲ್ಲಿ. ಗಿಡ ನೆಡುವುದು ಪುಣ್ಯವೆಂದು ನಂಬಿದ ನನಗೆ ಅಂದು ತಿಳಿದದ್ದು, ಹುಲ್ಲೂ ಒಂದು ಕಾಡೇ ಎಂಬುದು.

ನೀವೂ ಹೋಗಿ ಬನ್ನಿ. ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ. ಕಣ್ಣು ಕುಕ್ಕುವ ಬಣ್ಣದ ಸೀರೆ ಬೇಡ, ಗದ್ದಲ ಬೇಡ. ತಂದ ಚೀಲ, ಕಾಗದ ಎಲ್ಲವನ್ನೂ ಮನೆಗೇ ವಾಪಸು ತನ್ನಿ.

ಬರುವಾಗ ದಾರಿಯಲ್ಲಿ ಮಗಳು ಕೇಳಿದಳು, "ಆಯಿ, ಚಿಗರಿ ಮ್ಯಾಲ ಸಿಟ್ಟು ಹೋತೇನು?"

"ಸಿಟ್ಟು ಎಲ್ಲಿ ಹೋಗತೈತಿ? ಬೆಳಿ ಹೋದವರಿಗೆ ಗೊತ್ತು ಅದರ ಸಂಕಟ" ಎಂದ ಅತ್ತೆಯವರು ತುಸು ಹೊತ್ತಿನ ಮೇಲೆ ಮೆಲ್ಲಗೆ ಅಂದರು: "ಆದರೂ ಇರಲಿ ಬಿಡು. ಹಕ್ಕಿ ಹೋದಂಗ ಅವೂ ಹೋಗೂದು ಬ್ಯಾಡ."

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯ ನವಿಲುಗಳ ಮಾತು ಮುಂದಿನ ಸಂಚಿಕೆಗೆ.