ಎರವಿನ ವಯಸ್ಸು

ಮದ್ಯಪಾನದ ಅಭ್ಯಾಸವಿಲ್ಲದವನಾದರೂ, ಅಚ್ಚಾದ ಅಕ್ಷರ ಎಲ್ಲಿ ಕಣ್ಣಿಗೆ ಬಿದ್ದರೂ ಅದನ್ನು ಓದಿ ಮುಗಿಸದೆ ಬಿಡಲಾರದ ಹಳೆಯ ಚಾಳಿಯೊಂದು ನನಗಿರುವುದರಿಂದ, ಅಮೆರಿಕೆಯ ಸಿನ್ಸಿನಾಟಿಯಲ್ಲಿರುವ ಮಗನ ಮನೆಯಲ್ಲಿ ಒಂದು ಸಂಜೆ, ಅವನ ಸಹೋದ್ಯೋಗಿಯೊಬ್ಬರು ಉಡುಗೊರೆಯಾಗಿ ತಂದಿತ್ತ ವಿಸ್ಕಿಯ ಸೀಸೆಯನ್ನು ಕೈಗೆತ್ತಿಕೊಂಡು, ಯುಗಾದಿಯ ದಿನ ಪಂಚಾಂಗವನ್ನು ಓದುವಷ್ಟೇ ಶ್ರದ್ಧೆಯಿಂದ ಅದರ ಚೀಟಿಯನ್ನು ಓದತೊಡಗಿದೆನು. ಮುಂಭಾಗದಲ್ಲಿ ಮರದ ಕೊಟ್ಟಿಗೆಯೊಂದರ ಚಿತ್ರ. ಅದರೊಳಗೆ ತಾಮ್ರದ ಭಟ್ಟಿ. ಬೇಲಿಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಕುದುರೆ. ಕೆಳಗೆ ಬಹುದೂರದ ರಾಜ್ಯವೊಂದರ ಯಾವುದೋ ಹಳ್ಳಿಯ ಹೆಸರು, ಏಳು ವರ್ಷ ಪೀಪಾಯಿಯಲ್ಲಿ ಮಾಗಿದ್ದೆಂಬ ಹೆಮ್ಮೆಯ ಮಾತು. ಸೀಸೆಯನ್ನು ತಿರುಗಿಸಿ ದೀಪದ ಬೆಳಕಿಗೆ ಹಿಡಿದಾಗ, ಬೆಲೆಪಟ್ಟಿಯ ಕಪ್ಪು ಗೀರುಗಳ ಅಡಿಯಲ್ಲಿ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ‘ಇಂಡಿಯಾನಾದಲ್ಲಿ ಭಟ್ಟಿ ಇಳಿಸಿದ್ದು’ ಎಂದಿತ್ತು. ಆ ಹಳ್ಳಿಯ ಭಟ್ಟಿಮನೆ ಆರಂಭವಾಗಿ ಎಷ್ಟು ಕಾಲವಾಯಿತೆಂದು ಕೇಳಿದೆ. ಮಗನು ಫೋನಿನಲ್ಲಿ ಹುಡುಕಿ, ‘ಮೂರು ವರ್ಷವಂತೆ ಅಪ್ಪ’ ಎಂದನು. ಮೂರು ವರ್ಷದ ತಾಯಿಗೆ ಏಳು ವರ್ಷದ ಕೂಸು!

ಕೂಸಿನ ನಿಜವಾದ ತವರು ನಾವು ಕುಳಿತಿದ್ದ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ಹಾದಿಯೂ ಅಲ್ಲವೆಂದು ತಿಳಿದಾಗ ಕುತೂಹಲ ತಡೆಯಲಾಗಲಿಲ್ಲ. ಮರುದಿನ ಓಹಾಯೋ ನದಿಯ ದಡವನ್ನು ಹಿಡಿದು ಹೋಗಿ ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್ ಎಂಬ ಊರನ್ನು ಕಂಡೆವು. ಕುದುರೆಯೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಅನೇಕ ಅಂತಸ್ತುಗಳ ಇಟ್ಟಿಗೆಯ ಗೋದಾಮುಗಳು, ಅವುಗಳ ಗೋಡೆಗೂ ಸಮೀಪದ ಮರಗಳ ತೊಗಟೆಗೂ ಮೆತ್ತಿಕೊಂಡ ಮಸಿಯಂತಹ ಕಪ್ಪು. ಪೀಪಾಯಿಗಳಿಂದ ಆವಿಯಾಗಿ ಹೊರಬೀಳುವ ಮದ್ಯಸಾರವನ್ನೇ ಉಂಡು ಬೆಳೆಯುವ ಬೂಷ್ಟಿನ ಬಣ್ಣ ಅದು. ೧೮೪೭ರಷ್ಟು ಹಿಂದಿನಿಂದ ತನ್ನ ವಂಶಾವಳಿಯನ್ನು ಹೇಳಿಕೊಳ್ಳುವ ಈ ಭಟ್ಟಿಯು, ಪಾನನಿರೋಧ ಮುಗಿದ ೧೯೩೩ರಲ್ಲಿ ಸೀಗ್ರಾಂ ಕಂಪನಿಯ ಕೈಸೇರಿ, ಆಮೇಲೆ ಒಡೆಯರನ್ನು ಬದಲಿಸುತ್ತ ಬಂದು, ೨೦೧೧ರಿಂದ ಎಂಜಿಪಿ ಎಂಬ ಸಂಸ್ಥೆಯದಾಗಿದೆ. ನೂರರಲ್ಲಿ ೯೫ ಪಾಲು ರೈ ಧಾನ್ಯ, ೫ ಪಾಲು ಮೊಳಕೆಯ ಬಾರ್ಲಿ ಕೂಡಿಸಿ ಇಲ್ಲಿ ಇಳಿಸುವ ವಿಸ್ಕಿಯನ್ನು, ಬೇರೆಬೇರೆ ಹಳ್ಳಿಗಳ ಹೆಸರಿನಲ್ಲಿ, ಬೇರೆಬೇರೆ ಅಜ್ಜಂದಿರ ಕಥೆಗಳೊಡನೆ, ಆ ದೇಶದ ಎಷ್ಟೋ ಅಂಗಡಿಗಳ ಕಪಾಟುಗಳಲ್ಲಿ ಕಾಣಬಹುದು.

ಇದನ್ನು ಮೋಸವೆಂದು ಥಟ್ಟನೆ ಹಳಿಯುವುದಕ್ಕೆ ಮುನ್ನ ಹೊಸದಾಗಿ ಭಟ್ಟಿ ಹೂಡುವವನ ಕಷ್ಟವನ್ನೂ ನೋಡಬೇಕು. ಭಟ್ಟಿಯಿಂದ ಇಳಿದ ದ್ರವ ನೀರಿನಷ್ಟು ತಿಳಿ. ಬಣ್ಣವೂ ಪರಿಮಳದ ಬಹುಭಾಗವೂ ಅದಕ್ಕೆ ಬರುವುದು ಒಳಮೈಯನ್ನು ಸುಟ್ಟ ಹೊಸ ಓಕ್ ಪೀಪಾಯಿಯಿಂದ, ಅದೂ ವರ್ಷಗಟ್ಟಲೆ ಕಾದ ಮೇಲೆ. ಅಮೆರಿಕೆಯಲ್ಲಿ ‘ಸ್ಟ್ರೈಟ್’ ಎಂಬ ವಿಶೇಷಣಕ್ಕೆ ಕನಿಷ್ಠ ೨ ವರ್ಷ ಬೇಕು. ೪ ವರ್ಷ ತುಂಬದಿದ್ದರೆ ವಯಸ್ಸನ್ನು ಚೀಟಿಯ ಮೇಲೆ ಒಪ್ಪಿಕೊಳ್ಳಬೇಕು. ತಾಮ್ರದ ಪಾತ್ರೆಗೆ, ಧಾನ್ಯಕ್ಕೆ, ಕಟ್ಟಡಕ್ಕೆ ತಂದ ಸಾಲದ ಬಡ್ಡಿಯಾದರೋ ಪೀಪಾಯಿ ಮಾಗುವ ತನಕ ಕಾಯುವುದಿಲ್ಲ. ಆದುದರಿಂದ ಕೆಲವರು ಮಾಗಬೇಕಾದ ಅಗತ್ಯವಿಲ್ಲದ ಜಿನ್ನನ್ನೂ ವೋಡ್ಕವನ್ನೂ ಮಾರಿ ಹೊಟ್ಟೆ ಹೊರೆಯುವರು. ಕೆಲವರು ಬೇಗ ಬಣ್ಣ ಹಿಡಿಯಲೆಂದು ಪುಟ್ಟ ಪೀಪಾಯಿಗಳಲ್ಲಿ ತುಂಬಿಡುವರು. ಉಳಿದವರು ಲಾರೆನ್ಸ್‌ಬರ್ಗಿನ ಕಡೆಗೆ ಲಾರಿ ಕಳುಹಿಸುವರು. ನೆರೆಮನೆಯಿಂದ ಹೆಪ್ಪು ತಂದು ಮೊಸರು ಮಾಡಿಕೊಳ್ಳದ ಮನೆ ಯಾವುದುಂಟು? ಕೊಳ್ಳುವುದೂ ಬೆರೆಸುವುದೂ ಈ ವ್ಯಾಪಾರದಲ್ಲಿ ಹೀನಕಾರ್ಯವಲ್ಲ. ೧೮೨೦ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಾಕಿನಲ್ಲಿ ಅಂಗಡಿಯಿಟ್ಟ ಜಾನ್ ವಾಕರ್ ಭಟ್ಟಿಯವನಲ್ಲ, ದಿನಸಿ ವ್ಯಾಪಾರಿ. ೧೮೯೫ರಲ್ಲಿ ಎಲ್ಗಿನ್ ಪಟ್ಟಣದಲ್ಲಿ ತೊಡಗಿದ ಗಾರ್ಡನ್ ಅಂಡ್ ಮೆಕ್‌ಫೇಲ್ ಸಂಸ್ಥೆಯವರು ಪರರ ಭಟ್ಟಿಗಳ ವಿಸ್ಕಿಯನ್ನು ಕೊಂಡು ಮಾಗಿಸಿ, ಮೂಲದ ಭಟ್ಟಿಯ ಹೆಸರನ್ನೇ ಚೀಟಿಯ ಮೇಲೆ ಮೆರೆಸಿ, ಅದರಿಂದಲೇ ಕೀರ್ತಿವಂತರಾದರು.

ಅಮೆರಿಕೆಯಲ್ಲಿಯೂ ಈ ಮಾರ್ಗವನ್ನು ಹಿಡಿದವರು ಇಲ್ಲದಿಲ್ಲ. ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ ಹೈ ವೆಸ್ಟ್ ಭಟ್ಟಿಯನ್ನು ಹೂಡಿದ ಡೇವಿಡ್ ಪರ್ಕಿನ್ಸ್ ಎಂಬ ಜೀವರಸಾಯನಜ್ಞನು, ಎಳೆಯದೂ ಹಳೆಯದೂ ಆದ ರೈ ವಿಸ್ಕಿಗಳನ್ನು ಕೊಂಡು ತಂದು ತನ್ನ ನಾಲಗೆಯ ಹದದಿಂದ ಬೆರೆಸಿದನು. ಕೊಂಡುದನ್ನು ಕೊಂಡುದೆಂದೇ ಹೇಳಿದನು. ೨೦೧೬ರಲ್ಲಿ ಅವನ ಸಂಸ್ಥೆ ಸುಮಾರು ೧೬ ಕೋಟಿ ಡಾಲರಿಗೆ ದೊಡ್ಡ ಕಂಪನಿಯೊಂದಕ್ಕೆ ಮಾರಾಟವಾಯಿತು. ಸತ್ಯವನ್ನು ನುಡಿದರೆ ವ್ಯಾಪಾರ ಕೆಡುತ್ತದೆಂಬ ಅಂಜಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ವೆಸ್ಟ್ ವರ್ಜೀನಿಯಾದ ಸ್ಮೂತ್ ಆಂಬ್ಲರ್‌ನವರಂತೂ ಕೊಂಡ ವಿಸ್ಕಿಗೆ ‘ಓಲ್ಡ್ ಸ್ಕೌಟ್’ ಎಂದೇ ಹೆಸರಿಟ್ಟರು: ಹೆತ್ತದ್ದಲ್ಲ, ಹುಡುಕಿ ತಂದದ್ದು ಎಂಬ ಧ್ವನಿ ಆ ಹೆಸರಿನೊಳಗೇ ಇದೆ.

ವಿರುದ್ಧ ದಿಕ್ಕಿನ ಕಥೆ ಅಯೋವಾದ ಟೆಂಪಲ್‌ಟನ್ ಎಂಬ ಪುಟ್ಟ ಊರಿನದು. ಪಾನನಿರೋಧದ ಕಾಲದಲ್ಲಿ ಅಲ್ಲಿನ ರೈತರು ಕದ್ದು ಇಳಿಸುತ್ತಿದ್ದ ರೈ ವಿಸ್ಕಿ ನಾಡಿನಲ್ಲಿ ಹೆಸರಾಗಿತ್ತು. ಆ ಹೆಸರನ್ನೂ, ಅಲ್ ಕಪೋನನೆಂಬ ದರೋಡೆಕೋರನ ಖ್ಯಾತಿಯನ್ನೂ, ‘ಪಾನನಿರೋಧದ ಕಾಲದ ಪಾಕ’ ಎಂಬ ಮಾತನ್ನೂ ಹೊತ್ತು ಈ ಶತಮಾನದ ಆರಂಭದಲ್ಲಿ ಪೇಟೆಗೆ ಬಂದ ಸೀಸೆಯೊಳಗೆ ಇದ್ದದ್ದು ಲಾರೆನ್ಸ್‌ಬರ್ಗಿನ ದ್ರವ. ಗ್ರಾಹಕರು ನ್ಯಾಯಾಲಯಕ್ಕೆ ಹೋದರು, ೨೦೧೫ರಲ್ಲಿ ರಾಜಿಯಾಯಿತು, ಪಾಕದ ಮಾತು ಅಳಿಸಿ, ಇಂಡಿಯಾನಾದ ಹೆಸರು ಚೀಟಿಗೆ ಬಂದಿತು. ಕಂಪನಿಯು ಆ ಊರಿನಲ್ಲಿ ದೊಡ್ಡ ಭಟ್ಟಿಮನೆಯನ್ನು ತೆರೆದದ್ದು ೨೦೧೮ರಲ್ಲಿ.

ಇಂತಹ ಪ್ರಸಂಗಗಳಲ್ಲಿ ವಂಚಿತನಾದವನು ಕುಡಿಯುವವನೆಂದೇ ಎಲ್ಲರೂ ಮರುಗುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಲಾರೆನ್ಸ್‌ಬರ್ಗಿನವರ ಕೆಲಸ ಹಗುರವಾದುದಲ್ಲ. ಅವರ ವಿಸ್ಕಿಯನ್ನು ಕುಡಿದವನ ಕಥೆ ಕೆಟ್ಟಿರಬಹುದು, ಗುಟುಕು ಕೆಟ್ಟಿಲ್ಲ. ನಿಜವಾಗಿ ಕೆಟ್ಟವನು, ಅದೇ ಕಪಾಟಿನಲ್ಲಿ ಒಂದು ಗೇಣು ಆಚೆಗೆ ತನ್ನ ಸೀಸೆಯನ್ನಿಟ್ಟ ಇನ್ನೊಬ್ಬ ಸಣ್ಣ ಭಟ್ಟಿಯವನು. ಅವನು ತನ್ನ ಧಾನ್ಯವನ್ನು ತಾನೇ ಬೇಯಿಸಿ, ಹುಳಿ ಬರಿಸಿ, ಇಳಿಸಿ, ಮನೆಯನ್ನು ಅಡವಿಟ್ಟು ಎರಡು ವರ್ಷ ಕಾದು, ಇನ್ನೂ ಮರದ ಒಗರು ಹೋಗದ ತನ್ನ ವಿಸ್ಕಿಯ ಮೇಲೆ ‘ಎರಡು ವರ್ಷ’ ಎಂದು ಸಂಕೋಚದಿಂದ ಅಚ್ಚು ಹಾಕಿಸಿದ್ದಾನೆ. ಪಕ್ಕದಲ್ಲಿ, ತನಗಿಂತ ಆಮೇಲೆ ಭಟ್ಟಿ ಹೂಡಿದವನ ಸೀಸೆ ‘ಏಳು ವರ್ಷ’ ಎನ್ನುತ್ತಿದೆ. ಬೆಲೆ ಹೆಚ್ಚುಕಡಿಮೆ ಒಂದೇ. ಕೊಳ್ಳಬಂದವನು ಏನೆಂದುಕೊಂಡಾನು? ಒಬ್ಬನು ಕುಶಲಿ, ಇನ್ನೊಬ್ಬನು ಅರೆಬರೆ ಕಲಿತವನು ಎಂದೇ ಅಲ್ಲವೆ? ಪ್ರಾಮಾಣಿಕನ ಕಾಯುವಿಕೆಯೇ ಅವನ ಅನರ್ಹತೆಯಾಗಿ ಕಾಣಿಸುವಂತೆ ಮಾಡುವ ಈ ಅನ್ಯಾಯಕ್ಕೆ ಯಾವ ನ್ಯಾಯಾಲಯವೂ ಸೀಸೆಗಿಷ್ಟೆಂದು ಪರಿಹಾರವನ್ನು ಎಣಿಸಿಕೊಡಲಾರದು.

ಇನ್ನೊಂದು ಪ್ರತಿಫಲವು ತಡವಾಗಿ, ಆದರೆ ತಪ್ಪದೆ, ಮೌನವಾಗಿದ್ದವನ ಬಾಗಿಲಿಗೇ ಬರುತ್ತದೆ. ಕೋಗಿಲೆಗೆ ಸಂಸ್ಕೃತದಲ್ಲಿ ಪರಭೃತವೆಂದು ಹೆಸರು, ಇತರರಿಂದ ಪೋಷಿತವಾದದ್ದು ಎಂಬರ್ಥದಲ್ಲಿ. ಕಾಗೆಯೊಂದು ತನ್ನ ಗೂಡಿನ ಕೋಗಿಲೆಯ ದನಿಯನ್ನು ತನ್ನ ವಂಶದ ದನಿಯೆಂದು ಐದಾರು ವರ್ಷ ಸಾರಿದ ಮೇಲೆ, ಒಂದು ಬೆಳಗ್ಗೆ ಅದರ ಸ್ವಂತ ಮರಿಯೇ ಬಾಯಿ ತೆರೆದರೆ ಊರವರು ಏನೆಂದಾರು? ಎರವಿನ ವಿಸ್ಕಿಯಿಂದ ಪಳಗಿದ ನಾಲಗೆಯ ಮುಂದೆ ತನ್ನದೇ ಪೀಪಾಯಿಯ ರುಚಿಯನ್ನಿಡುವ ದಿನ ಭಟ್ಟಿಯವನ ಅವಸ್ಥೆ ಅದೇ: ಮನೆಯ ಮಗುವೇ ಮನೆಯಲ್ಲಿ ಅಪರಿಚಿತ. ಮೊದಲೇ ಬಾಯಿಬಿಟ್ಟು ಹೇಳಿದವನು ಮಾತ್ರ, ‘ಇಷ್ಟು ದಿನ ಅವರದು, ಇಂದಿನಿಂದ ನಮ್ಮದು’ ಎಂದು ಹೊಸ ಚೀಟಿಯನ್ನು ಹಚ್ಚಿ, ಅದನ್ನೊಂದು ಹಬ್ಬವನ್ನಾಗಿ ಮಾಡಬಲ್ಲನು.

ಕಾನೂನು ಇಲ್ಲವೆಂದಲ್ಲ. ಬಣ್ಣ ಕಟ್ಟಿದ ಮದ್ಯಸಾರವನ್ನು ಹಳೆಯ ವಿಸ್ಕಿಯೆಂದು ಮಾರುವವರ ಕಾಟ ತಾಳಲಾರದೆ ೧೮೯೭ರಲ್ಲಿಯೇ ಅಮೆರಿಕೆಯ ಸಂಸತ್ತು ‘ಬಾಟಲ್ಡ್ ಇನ್ ಬಾಂಡ್’ ಎಂಬ ಕಾಯಿದೆಯನ್ನು ಮಾಡಿತು. ಒಂದೇ ಭಟ್ಟಿ, ಒಂದೇ ಋತು, ಸರಕಾರದ ಮೇಲ್ವಿಚಾರಣೆಯ ಗೋದಾಮಿನಲ್ಲಿ ಕನಿಷ್ಠ ೪ ವರ್ಷ, ೫೦ ಶೇಕಡ ಮದ್ಯಸಾರ, ಚೀಟಿಯ ಮೇಲೆ ಭಟ್ಟಿಯ ಗುರುತು. ಆದರೆ ಇದು ಬಯಸಿ ಬಂದವರಿಗೆ ಮಾತ್ರ. ಸರ್ವರಿಗೂ ಅನ್ವಯಿಸುವ ನಿಯಮವೆಂದರೆ, ವಿಸ್ಕಿಯನ್ನು ಇಳಿಸಿದ ರಾಜ್ಯ ಚೀಟಿಯ ವಿಳಾಸದ ರಾಜ್ಯವಲ್ಲದಿದ್ದರೆ ಅದನ್ನು ನಮೂದಿಸತಕ್ಕುದು ಎಂಬುದು. ಅದೂ ಬಹುಕಾಲ ಕಡತದಲ್ಲೇ ಮಲಗಿತ್ತು. ಈಗ ಎಚ್ಚರಗೊಂಡಿದ್ದರೂ ಹಿಂಬದಿಯ ಮೂಲೆಯಲ್ಲಿ ಪಿಸುಗುಟ್ಟುತ್ತಿದೆ. ‘ಭಟ್ಟಿ ಇಳಿಸಿದವರು’ ಎಂದು ಬರೆದುಕೊಳ್ಳುವ ಅಧಿಕಾರ ಇಳಿಸಿದವರಿಗಷ್ಟೇ ಇರುವುದರಿಂದ, ಚತುರರು ‘ತುಂಬಿದವರು’, ‘ಸಿದ್ಧಪಡಿಸಿದವರು’ ಎಂಬ ಶಬ್ದಗಳ ಮರೆಯಲ್ಲಿ ನಿಲ್ಲುತ್ತಾರೆ. ಕ್ರಿಯಾಪದವನ್ನು ಇಷ್ಟು ಜಾಗ್ರತೆಯಿಂದ ಆರಿಸುವವರನ್ನು ನಾನು ವೈಯಾಕರಣರಲ್ಲಿಯೂ ಕಂಡದ್ದು ಕಡಿಮೆ.

ನಮ್ಮ ನಾಡಿನ ಕಡೆಗೆ ತಿರುಗಿದರೆ, ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ಮದ್ಯಸಾರಕ್ಕೆ ಕೊಂಚ ಸ್ಕಾಚ್ ಮಾಲ್ಟನ್ನು ಸೇರಿಸಿ, ಆ ಕೊಂಚವನ್ನೇ ಚೀಟಿಯಲ್ಲಿ ಕೂಗಿ ಹೇಳುವ ಪದ್ಧತಿ ನಮ್ಮದಾಗಿರುವಾಗ, ಅಮೆರಿಕೆಯವರಿಗೆ ಬುದ್ಧಿ ಹೇಳಲು ನಾಲಗೆ ತಡವರಿಸುತ್ತದೆ. ಅವರು ಎರವನ್ನು ಬಚ್ಚಿಡುತ್ತಾರೆ. ನಾವು ಎರವನ್ನು ಮೆರೆಸಿ ಮಿಕ್ಕದ್ದನ್ನು ಬಚ್ಚಿಡುತ್ತೇವೆ. ಆದರೂ ಕಾಯುವುದರ ಬೆಲೆ ಏನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್‌ನವರು ಬಾರ್ಲಿಯಿಂದ ಇಳಿಸಿದ ಮಾಲ್ಟನ್ನು ಮೊದಲು ಇತರ ಮದ್ಯಗಳಿಗೆ ಬೆರೆಸುತ್ತಿದ್ದವರು, ಅದನ್ನೇ ಪೀಪಾಯಿಯಲ್ಲಿ ಮಾಗಗೊಟ್ಟು, ೨೦೦೪ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ಒಯ್ದು ಮುಂದಿಟ್ಟರು. ಅಲ್ಲಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರರಲ್ಲಿ ಎರಡು ಪಾಲು ಆವಿಯಾದರೆ, ಬೆಂಗಳೂರಿನ ಹವೆಯಲ್ಲಿ ಹತ್ತು ಹನ್ನೆರಡು ಪಾಲು ಹಾರಿಹೋಗುತ್ತದೆ. ದೇವತೆಗಳ ಪಾಲು ಎಂದು ಅದಕ್ಕೆ ಹೆಸರು. ನಮ್ಮ ಕಡೆಯ ದೇವತೆಗಳಿಗೆ ಹವಿಸ್ಸು ಯಾವಾಗಲೂ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ವಿಸ್ಕಿ ಎಲ್ಲಿ ಇಳಿಯಿತೋ ಆ ಸ್ಥಳವನ್ನು ಚೀಟಿಯ ಮುಂಭಾಗದಲ್ಲಿ, ಹಳ್ಳಿಯ ಹೆಸರು ಎಷ್ಟು ದಪ್ಪ ಅಕ್ಷರಗಳಲ್ಲಿದೆಯೋ ಅಷ್ಟೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಲಿ. ಚೀಟಿಗೆ ಒಪ್ಪಿಗೆಯನ್ನು ಕೊಡುವ ಅಮೆರಿಕೆಯ ಖಜಾನೆಯ ಇಲಾಖೆಯು, ಅರ್ಜಿದಾರನ ಮಾತನ್ನಷ್ಟೇ ನಂಬದೆ, ಪೀಪಾಯಿ ಕೊಂಡ ರಸೀದಿಯನ್ನೂ ಕೇಳಲಿ. ಆಮೇಲೆ ಕುದುರೆಯ ಚಿತ್ರ ಇದ್ದರೂ ನನ್ನ ಆಕ್ಷೇಪವಿಲ್ಲ.

ಲಾರೆನ್ಸ್‌ಬರ್ಗಿನಿಂದ ಹಿಂದಿರುಗಿದ ರಾತ್ರಿ ಮಗನು, ನನ್ನ ಸಮಾಧಾನಕ್ಕೆಂದೋ ಏನೋ, ಆ ಸೀಸೆಯ ಬೆನ್ನಿನ ಚೀಟಿ ಎದುರಿಗೆ ಕಾಣುವಂತೆ ಕಪಾಟಿನಲ್ಲಿ ತಿರುಗಿಸಿಟ್ಟನು. ಬೆಳಗ್ಗೆ ಎದ್ದು ನೋಡಿದರೆ ಕುದುರೆ ಮತ್ತೆ ಮುಂದಕ್ಕೆ ಬಂದು ತಲೆ ತಗ್ಗಿಸಿ ನಿಂತಿತ್ತು. ‘ಚಿತ್ರ ಲಕ್ಷಣವಾಗಿದೆಯಲ್ಲ ಮಾವ, ಯಾಕೆ ಗೋಡೆಗೆ ಮುಖ ಮಾಡಿ ಇಡೋದು ಅಂತ’ ಎಂದು ಸೊಸೆಯು ಕಾಫಿಯ ಲೋಟವನ್ನು ಕೈಗಿತ್ತಳು.